ವಾರದ ಲೆಕ್ಕವನ್ನು ಸರ್ವರಿನ ತಲೆಗೆ ಕಟ್ಟಬೇಡಿ

1947ರ ಆಗಸ್ಟ್ 15 ಶುಕ್ರವಾರ. ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ದಿನ ವಾರದ ಎಷ್ಟನೆಯ ದಿನ ಎಂದು ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರನ್ನು ಕೇಳಿ ನೋಡಿ. ಒಬ್ಬರ ಲಾಗಿನ್‌ನಲ್ಲಿ ಕೇಳಿದರೆ 6 ಎನ್ನುತ್ತದೆ, ಪಕ್ಕದ ಮೇಜಿನವರ ಲಾಗಿನ್‌ನಲ್ಲಿ ಕೇಳಿದರೆ 5 ಎನ್ನುತ್ತದೆ. ಯಂತ್ರ ಅದೇ, ಡೇಟಾಬೇಸ್ ಅದೇ, ಕ್ವೆರಿಯಲ್ಲಿ ಒಂದಕ್ಷರವೂ ಬದಲಾಗಿಲ್ಲ. ಮೊದಲನೆಯ ಲಾಗಿನ್‌ನ ಭಾಷೆ ಅಮೆರಿಕದ ಇಂಗ್ಲಿಷ್, ಹಾಗಾಗಿ ವಾರ ಭಾನುವಾರದಿಂದ ಶುರು. ಎರಡನೆಯದರ ಭಾಷೆ ಬ್ರಿಟಿಷ್ ಇಂಗ್ಲಿಷ್, ಅಲ್ಲಿ ವಾರ ಸೋಮವಾರದಿಂದ ಶುರು. ಈ ಆರಂಭದ ದಿನವನ್ನು ಹಿಡಿದಿಟ್ಟುಕೊಳ್ಳುವ ಸೆಟ್ಟಿಂಗಿಗೆ ಡೇಟ್‌ಫಸ್ಟ್ ಎಂದು ಹೆಸರು.

ಡೇಟಾಬೇಸ್ ಕೆಲಸದಲ್ಲಿರುವ ಯಾರಿಗೂ ಇದು ಹೊಸ ಸುದ್ದಿಯೇನಲ್ಲ. ಇದಕ್ಕೆ ಎಲ್ಲರ ಬಾಯಲ್ಲೂ ಸಿದ್ಧವಾಗಿರುವ ಪರಿಹಾರವೂ ಒಂದೇ: ಡೇಟ್‌ಫಸ್ಟ್ ಸರಿಯಾಗಿ ಸೆಟ್ ಮಾಡಿ, ಮುಗಿಯಿತು. ಇದು ಕಾನ್ಫಿಗರೇಷನ್ ಸಮಸ್ಯೆ, ಡೇಟಾಬೇಸ್ ನಿರ್ವಾಹಕರಾದ ಡಿಬಿಎ ನೋಡಿಕೊಳ್ಳುತ್ತಾರೆ, ಕೋಡ್ ಬರೆಯುವವರು ತಲೆ ಕೆಡಿಸಿಕೊಳ್ಳಬೇಕಿಲ್ಲ ಎಂಬ ನಂಬಿಕೆ ಎಷ್ಟು ಬೇರೂರಿದೆಯೆಂದರೆ ಸಂದರ್ಶನಗಳಲ್ಲೂ ಇದೇ ಸರಿಯುತ್ತರವಾಗಿ ನಡೆದುಹೋಗುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಚಿಕಿತ್ಸೆ ಇದು. ತಪ್ಪಿರುವುದು ಕ್ವೆರಿಯಲ್ಲಿ. ಶನಿವಾರವೇ ಎಂದು ಕೇಳಬೇಕಾದ ಕಡೆ ಏಳನೆಯ ದಿನವೇ ಎಂದು ಕೇಳಿ, ಯಾವುದರಿಂದ ಎಣಿಸಿದ ಏಳು ಎಂಬುದನ್ನು ಹೇಳದೆ ಬಿಟ್ಟವರು ನಾವು. ಓಡುವ ಯಂತ್ರವನ್ನು ನೋಡಿಕೊಂಡು ಅರ್ಥ ಬದಲಿಸುವ ಕ್ವೆರಿಯನ್ನು ಇನ್ನೂ ಬರೆದು ಮುಗಿಸಿಲ್ಲ ಎಂದೇ ನಾನು ತಿಳಿಯುತ್ತೇನೆ.

ಸೆಟ್ಟಿಂಗನ್ನು ಯಾರೋ ಯೋಚಿಸಿ ಇಟ್ಟಿರುತ್ತಾರೆ ಎಂಬ ಊಹೆಯನ್ನೇ ಮೊದಲು ಪರೀಕ್ಷಿಸೋಣ. ಎಸ್‌ಕ್ಯೂಎಲ್ ಸರ್ವರಿನೊಳಗೆ ಭಾಷೆಗಳ ಒಂದು ಪಟ್ಟಿಯಿದೆ. ಅದರಲ್ಲಿರುವ ಭಾಷೆಗಳು 34. ಕನ್ನಡವಿಲ್ಲ, ಹಿಂದಿಯಿಲ್ಲ, ಭಾರತದ ಯಾವ ಭಾಷೆಯೂ ಇಲ್ಲ. ಹಾಗಾಗಿ ಇಲ್ಲಿನ ಸರ್ವರುಗಳಲ್ಲಿ ಸಾಮಾನ್ಯವಾಗಿ ಅಮೆರಿಕದ ಇಂಗ್ಲಿಷ್ ಇರುತ್ತದೆ. ಆಮೇಲೊಂದು ದಿನ ತಾರೀಖಿನ ತಕರಾರು ಬರುತ್ತದೆ. ನಾವು ದಿನ, ತಿಂಗಳು, ವರ್ಷ ಎಂಬ ಕ್ರಮದಲ್ಲಿ ಬರೆಯುವವರು, ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ. 04/03 ಎಂದು ಟೈಪ್ ಮಾಡಿದ್ದು ಮಾರ್ಚ್ 4 ಆಗುವ ಬದಲು ಏಪ್ರಿಲ್ 3 ಆಗಿ ಕೂತಿರುತ್ತದೆ. ಅದನ್ನು ಸರಿಪಡಿಸಲು ಯಾರೋ ಲಾಗಿನ್‌ನ ಭಾಷೆಯನ್ನು ಬ್ರಿಟಿಷ್ ಎಂದು ಬದಲಿಸುತ್ತಾರೆ. ತಾರೀಖು ಸರಿಯಾಗುತ್ತದೆ, ಎಲ್ಲರಿಗೂ ಸಮಾಧಾನ. ಆದರೆ ಭಾಷೆಯ ಬೆನ್ನಿಗೆ ಡೇಟ್‌ಫಸ್ಟ್ ಕೂಡ 7ರಿಂದ (ಭಾನುವಾರ) 1ಕ್ಕೆ (ಸೋಮವಾರ) ಜಾರಿರುತ್ತದೆ. ವಾರದ ಆರಂಭವನ್ನು ಬದಲಿಸಬೇಕೆಂದು ಯಾರೂ ಹೇಳಿರಲಿಲ್ಲ, ಬದಲಾಗಿದೆ ಎಂದು ಯಾರಿಗೂ ತಿಳಿಯುವುದಿಲ್ಲ. ಯಾರೂ ಆರಿಸದ ಮೌಲ್ಯವೊಂದು ಹೀಗೆ ಸಂಬಳದ ಲೆಕ್ಕದೊಳಗೆ ಹೊಕ್ಕು ಕೂರುತ್ತದೆ.

ಇನ್ನು, ಸರ್ವರಿನ ಸೆಟ್ಟಿಂಗ್ ಸರಿ ಮಾಡಿದರೆ ಸಾಕು ಎನ್ನುವವರು ಅದು ಎಲ್ಲಿ ಕೂತಿದೆ ಎಂಬುದನ್ನೇ ಗಮನಿಸಿಲ್ಲ. ಸರ್ವರಿನ ಮಟ್ಟದಲ್ಲಿ ಡಿಫಾಲ್ಟ್ ಭಾಷೆ ಬದಲಿಸಿದರೆ ಅದು ಅಲ್ಲಿಂದಾಚೆಗೆ ಸೃಷ್ಟಿಯಾಗುವ ಲಾಗಿನ್‌ಗಳಿಗೆ ಮಾತ್ರ ಅನ್ವಯ, ಹಳೆಯ ಲಾಗಿನ್‌ಗಳು ತಮ್ಮ ಹಳೆಯ ಭಾಷೆಯನ್ನೇ ಇಟ್ಟುಕೊಂಡಿರುತ್ತವೆ. ಅದರ ಮೇಲೆ ಕನೆಕ್ಷನ್ ಸ್ಟ್ರಿಂಗ್‌ನಲ್ಲಿ ಭಾಷೆ ಬರೆದಿದ್ದರೆ ಅದೇ ಗೆಲ್ಲುತ್ತದೆ. ಡೇಟಾಬೇಸಿನ ಬ್ಯಾಕಪ್ ತೆಗೆದು ಹೊಸ ಸರ್ವರಿಗೆ ಹಾಕಿದರೆ ಟೇಬಲ್ಲುಗಳು ಬರುತ್ತವೆ, ಸ್ಟೋರ್ಡ್ ಪ್ರೊಸೀಜರ್‌ಗಳು ಬರುತ್ತವೆ, ಸರ್ವರಿನ ಲಾಗಿನ್‌ಗಳು ಮತ್ತು ಅವುಗಳ ಭಾಷೆ ಬರುವುದಿಲ್ಲ. ಹೊಸ ಸರ್ವರಿನಲ್ಲಿ ಲಾಗಿನ್‌ಗಳನ್ನು ಮತ್ತೆ ಸೃಷ್ಟಿಸುವವರಿಗೆ ಪಾಸ್‌ವರ್ಡ್ ಮತ್ತು ಅನುಮತಿಗಳು ನೆನಪಿರುತ್ತವೆ. ಭಾಷೆ ನೆನಪಿಗೆ ಬರುವ ಸಂಭವ ತೀರಾ ಕಡಿಮೆ.

ಈಗ ಹಾನಿಯನ್ನು ಹತ್ತಿರದಿಂದ ನೋಡೋಣ. ವಾರಾಂತ್ಯವನ್ನು ಬಿಟ್ಟು ಕೆಲಸದ ದಿನಗಳನ್ನು ಎಣಿಸುವ ಕ್ವೆರಿಯಲ್ಲಿ ವಾರದ ದಿನ 1 ಅಥವಾ 7 ಆಗಿದ್ದರೆ ಕೈಬಿಡು ಎಂಬ ಷರತ್ತು ಮೇಲಿಂದ ಮೇಲೆ ಕಾಣುತ್ತದೆ. ಭಾನುವಾರ ಆರಂಭವಾದಾಗ 1 ಎಂದರೆ ಭಾನುವಾರ, 7 ಎಂದರೆ ಶನಿವಾರ, ಲೆಕ್ಕ ಸರಿ. ಸೋಮವಾರ ಆರಂಭವಾದಾಗ 1 ಎಂದರೆ ಸೋಮವಾರ, 7 ಎಂದರೆ ಭಾನುವಾರ. ಶನಿವಾರ ಕೆಲಸದ ದಿನವಾಗಿ, ಸೋಮವಾರ ರಜೆಯಾಗಿ ಬಿಡುತ್ತದೆ. ಇಷ್ಟು ದೊಡ್ಡ ತಪ್ಪು ಕಣ್ಣಿಗೆ ರಾಚಬೇಕಲ್ಲವೇ ಎಂದು ನೀವು ಕೇಳಬಹುದು. ರಾಚುವುದಿಲ್ಲ. 2025ರ ಜನವರಿಯನ್ನು ತೆಗೆದುಕೊಳ್ಳಿ. ಶನಿವಾರ, ಭಾನುವಾರಗಳನ್ನು ಕಳೆದರೆ ಉಳಿಯುವುದು 23 ದಿನ. ತಪ್ಪಾಗಿ ಭಾನುವಾರ, ಸೋಮವಾರಗಳನ್ನು ಕಳೆದರೂ 23 ದಿನವೇ. ಆ ತಿಂಗಳ ಒಟ್ಟು ಸಂಖ್ಯೆಯನ್ನು ನೋಡಿ ಪರೀಕ್ಷಿಸಿದವರು ಪಾಸ್ ಎಂದು ಬರೆದು ಮುಂದೆ ಹೋಗುತ್ತಾರೆ. 2024ರ ಡಿಸೆಂಬರಿನಲ್ಲಿ ಸರಿಯಾದ ಸಂಖ್ಯೆ 22, ತಪ್ಪು ಸಂಖ್ಯೆ 21. ಅದರ ಹಿಂದಿನ ನವೆಂಬರಿನಲ್ಲಿ ಸರಿಯಾದದ್ದು 21, ತಪ್ಪು 22. ಒಂದು ತಿಂಗಳು ಒಂದು ದಿನ ಹೆಚ್ಚು, ಮರುತಿಂಗಳು ಒಂದು ದಿನ ಕಡಿಮೆ, ವರ್ಷದ ಕೊನೆಗೆ ಒಟ್ಟು ನೋಡಿದರೆ ಎಲ್ಲವೂ ಸುಮಾರಾಗಿ ಸರಿಹೋದಂತೆ ಕಾಣುತ್ತದೆ. ಆದರೆ ಸೋಮವಾರ ಕೆಲಸಕ್ಕೆ ಬಂದವರ ಹಾಜರಿ ರಜೆಯ ದಿನದ ಖಾತೆಗೆ ಹೋಗಿರುತ್ತದೆ, ಶನಿವಾರ ಮನೆಯಲ್ಲಿದ್ದವರು ಗೈರು ಎಂದು ದಾಖಲಾಗಿರುತ್ತಾರೆ. ಒಟ್ಟು ಮೊತ್ತ ನೋಡುವ ಮ್ಯಾನೇಜರಿಗೆ ಇದು ಕಾಣುವುದೇ ಇಲ್ಲ. ತನ್ನ ಸಂಬಳದ ಚೀಟಿ ನೋಡುವ ಒಬ್ಬ ನೌಕರನಿಗೆ ಕಾಣುತ್ತದೆ, ಅವನ ಮಾತನ್ನು ಕಂಪ್ಯೂಟರಿನ ಮಾತಿನ ಎದುರು ನಂಬುವವರು ಯಾರು?

ನಮ್ಮಲ್ಲಿ ಇನ್ನೊಂದು ವಿಶೇಷ ತೊಡಕಿದೆ, ಎರಡನೇ ಮತ್ತು ನಾಲ್ಕನೇ ಶನಿವಾರ. 2015ರ ಸೆಪ್ಟೆಂಬರ್ 1ರಿಂದ ದೇಶದ ಬ್ಯಾಂಕುಗಳಿಗೆ ಆ ಎರಡು ಶನಿವಾರ ರಜೆ. ಕರ್ನಾಟಕ ಸರ್ಕಾರದ ನೌಕರರಿಗೆ ಎರಡನೇ ಶನಿವಾರ ಮೊದಲೇ ಇತ್ತು, 2019ರಿಂದ ನಾಲ್ಕನೆಯದೂ ಸೇರಿತು. ಇದನ್ನು ಕಂಡುಹಿಡಿಯಲು ಕೆಲವರು ವಾರದ ಸಂಖ್ಯೆಯ ಮೊರೆ ಹೋಗುತ್ತಾರೆ. ಆ ದಿನದ ವಾರದ ಸಂಖ್ಯೆಯಿಂದ ತಿಂಗಳ ಮೊದಲ ದಿನದ ವಾರದ ಸಂಖ್ಯೆಯನ್ನು ಕಳೆದು ಒಂದು ಕೂಡಿಸಿದರೆ ಎಷ್ಟನೇ ಶನಿವಾರ ಎಂದು ಸಿಗುತ್ತದೆ ಎಂಬುದು ಸೂತ್ರ. ವಾರ ಭಾನುವಾರದಿಂದ ಶುರುವಾದಾಗ ಈ ಸೂತ್ರ ಯಾವತ್ತೂ ತಪ್ಪುವುದಿಲ್ಲ, ಏಕೆಂದರೆ ಅಲ್ಲಿ ಶನಿವಾರವೇ ವಾರದ ಕೊನೆಯ ದಿನ. ಸೋಮವಾರದಿಂದ ಶುರುವಾದಾಗ, ಭಾನುವಾರದಂದು ಹುಟ್ಟುವ ತಿಂಗಳುಗಳಲ್ಲಿ ಮಾತ್ರ ತಪ್ಪುತ್ತದೆ. 2024ರ ಡಿಸೆಂಬರ್ 1 ಭಾನುವಾರ. ಸೋಮವಾರದ ಲೆಕ್ಕದಲ್ಲಿ ಆ ಒಂದು ದಿನವೇ ತಿಂಗಳ ಮೊದಲ ವಾರವಾಗಿ, 7ನೇ ತಾರೀಖು ಎರಡನೇ ಶನಿವಾರವಾಗುತ್ತದೆ. ನಿಜವಾದ ಎರಡನೇ ಶನಿವಾರ 14. ಬ್ಯಾಂಕು ತೆರೆದಿದ್ದ ದಿನ ಮುಚ್ಚಿದೆ ಎಂದೂ, ಮುಚ್ಚಿದ್ದ ದಿನ ತೆರೆದಿದೆ ಎಂದೂ ಕ್ವೆರಿ ಹೇಳುತ್ತದೆ. ಆ ವರ್ಷ ಭಾನುವಾರ ಶುರುವಾದ ತಿಂಗಳುಗಳು ಸೆಪ್ಟೆಂಬರ್ ಮತ್ತು ಡಿಸೆಂಬರ್ ಎರಡೇ. ಉಳಿದ ಹತ್ತು ತಿಂಗಳು ಉತ್ತರ ಸರಿಯಿತ್ತು. ಜನವರಿಯಲ್ಲಿ ಪರೀಕ್ಷೆ ಮುಗಿಸಿ ಫೆಬ್ರವರಿಯಲ್ಲಿ ಪ್ರೊಡಕ್ಷನ್‌ಗೆ ಹೋದ ಕೋಡು ಸೆಪ್ಟೆಂಬರಿನವರೆಗೆ ಸಜ್ಜನನಂತೆ ನಡೆದುಕೊಂಡಿರುತ್ತದೆ.

ಇದೇ ಕೆಲಸಕ್ಕೆ ವಾರದ ಸಂಖ್ಯೆ ಬೇಕೇ ಇಲ್ಲ. ಶನಿವಾರವಾಗಿದ್ದು ತಾರೀಖು 8ರಿಂದ 14ರೊಳಗಿದ್ದರೆ ಎರಡನೆಯದು, 22ರಿಂದ 28ರೊಳಗಿದ್ದರೆ ನಾಲ್ಕನೆಯದು. ಯಾವ ಸರ್ವರಿನ ಅಪ್ಪಣೆಯೂ ಇದಕ್ಕೆ ಬೇಡ.

ಹಾಗಾದರೆ ಪ್ರತಿ ಪ್ರೊಸೀಜರಿನ ತಲೆಯ ಮೇಲೆ ಡೇಟ್‌ಫಸ್ಟ್ ಇಂತಿಷ್ಟು ಎಂದು ಒಂದು ಸಾಲು ಬರೆದರಾಯಿತಲ್ಲ ಎಂಬ ವಾದವಿದೆ. ಇದು ಮೊದಲಿನದಕ್ಕಿಂತ ಮೇಲು, ಒಪ್ಪುತ್ತೇನೆ. ಪ್ರೊಸೀಜರ್ ಮುಗಿದ ಕೂಡಲೇ ಸೆಟ್ಟಿಂಗ್ ಹಿಂದಿನ ಸ್ಥಿತಿಗೆ ಮರಳುತ್ತದೆ, ಬೇರೆಯವರ ಕೆಲಸ ಕೆಡುವುದಿಲ್ಲ. ಆದರೆ ಆ ಸಾಲನ್ನು ಎಲ್ಲ ಕಡೆ ಬರೆಯಲು ಬರುವುದಿಲ್ಲ. ನಾವೇ ಬರೆಯುವ ಫಂಕ್ಷನ್ನಿನೊಳಗೆ ಅದಕ್ಕೆ ಪ್ರವೇಶವಿಲ್ಲ, ವ್ಯೂನೊಳಗೂ ಇಲ್ಲ. ರಿಪೋರ್ಟಿಂಗ್ ತಂತ್ರಾಂಶಗಳು ನೇರವಾಗಿ ಓದುವುದು ವ್ಯೂಗಳನ್ನೇ. ವಾರದ ದಿನದ ಸಂಖ್ಯೆಯನ್ನು ಲೆಕ್ಕ ಹಾಕಿಡುವ ಕಾಲಮ್ಮಿಗೆ ಇಂಡೆಕ್ಸ್ ಹಾಕಲು ಹೋದರೆ ಎಸ್‌ಕ್ಯೂಎಲ್ ಸರ್ವರ್ ಒಪ್ಪುವುದಿಲ್ಲ. ಈ ಮೌಲ್ಯ ಸೆಟ್ಟಿಂಗಿನ ಮೇಲೆ ನಿಂತಿದೆ, ಇದನ್ನು ಉಳಿಸಿಡಲು ನಂಬಿಕೆಯಿಲ್ಲ ಎಂಬುದು ಅದರ ಕಾರಣ. ತಂತ್ರಾಂಶ ತಯಾರಿಸಿದವರೇ ನಂಬಿ ಇಂಡೆಕ್ಸ್ ಕಟ್ಟಲು ಒಪ್ಪದ ಸಂಖ್ಯೆಯ ಮೇಲೆ ನಾವು ಸಂಬಳ ಕಟ್ಟುತ್ತಿದ್ದೇವೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಎರಡು ತಾರೀಖುಗಳ ನಡುವೆ ಎಷ್ಟು ವಾರ ಎಂದು ಹೇಳುವ ಡೇಟ್‌ಡಿಫ್ ಫಂಕ್ಷನ್ ಡೇಟ್‌ಫಸ್ಟನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಅದಕ್ಕೆ ವಾರ ಎಂದೆಂದಿಗೂ ಭಾನುವಾರದಿಂದಲೇ ಶುರು. ನೀವು ಡೇಟ್‌ಫಸ್ಟ್ 1 ಎಂದು ಬರೆದು, 2024ರ ಡಿಸೆಂಬರ್ 14ರ ಶನಿವಾರದಿಂದ 15ರ ಭಾನುವಾರಕ್ಕೆ ಎಷ್ಟು ವಾರ ಎಂದು ಕೇಳಿದರೆ 1 ಎನ್ನುತ್ತದೆ. 15ರಿಂದ 16ರ ಸೋಮವಾರಕ್ಕೆ ಎಷ್ಟು ಎಂದರೆ 0 ಎನ್ನುತ್ತದೆ. ಅದೇ ಕ್ವೆರಿಯ ಪಕ್ಕದ ಕಾಲಮ್ಮಿನಲ್ಲಿ ವಾರದ ಸಂಖ್ಯೆ ಕೊಡುವ ಡೇಟ್‌ಪಾರ್ಟ್ ಮಾತ್ರ 15 ಮತ್ತು 16ರ ನಡುವೆಯೇ ವಾರ ಬದಲಾಯಿತು ಎನ್ನುತ್ತಿರುತ್ತದೆ. ಒಂದೇ ಸಾಲಿನಲ್ಲಿ ಎರಡು ಬಗೆಯ ವಾರ! ಸೆಟ್ಟಿಂಗ್ ಸರಿಮಾಡಿದರೆ ಮುಗಿಯಿತು ಎನ್ನುವವರು ಇದಕ್ಕೆ ಏನು ಉತ್ತರ ಕೊಡುತ್ತಾರೋ ನನಗೆ ತಿಳಿಯದು. ಎರಡನ್ನೂ ಒಂದುಗೂಡಿಸುವ ಸೆಟ್ಟಿಂಗ್ 7 ಒಂದೇ, ಅದನ್ನೇ ಬಿಟ್ಟು ಬಂದವರು ಇವರು.

ದಿನದ ಸಂಖ್ಯೆ ಬೇಡ, ಹೆಸರನ್ನೇ ಹೋಲಿಸಿ ಎನ್ನುವವರೂ ಇದ್ದಾರೆ. ಅಮೆರಿಕದ ಮತ್ತು ಬ್ರಿಟನ್ನಿನ ಇಂಗ್ಲಿಷುಗಳ ನಡುವೆ ಅದು ನಡೆಯುತ್ತದೆ. ಜರ್ಮನ್ ಗ್ರಾಹಕರ ಲಾಗಿನ್‌ನಲ್ಲಿ ಅದೇ ಶನಿವಾರ ಸಾಮ್‌ಸ್ಟಾಗ್ ಆಗಿ ಬರುತ್ತದೆ, ಹೋಲಿಕೆ ಅಲ್ಲಿಗೆ ಬಿದ್ದುಹೋಗುತ್ತದೆ.

ಬೇರೆ ಡೇಟಾಬೇಸುಗಳ ಕಥೆ ಬೇರೆಯೇನಿಲ್ಲ. ಒರಾಕಲ್‌ನಲ್ಲಿ ವಾರದ ದಿನದ ಸಂಖ್ಯೆಯನ್ನು ನಿರ್ಧರಿಸುವುದು ಪ್ರದೇಶದ ಸೆಟ್ಟಿಂಗ್, ಅದು ಬಹಳಷ್ಟು ಸಲ ಬರುವುದು ಕ್ಲೈಂಟ್ ಕಡೆಯಿಂದ. ಜಾವಾದಿಂದ ಸಂಪರ್ಕಿಸಿದರೆ ಜಾವಾ ಓಡುತ್ತಿರುವ ಯಂತ್ರದ ಲೊಕೇಲ್ ಅದನ್ನು ನಿರ್ಧರಿಸುತ್ತದೆ. ಸರ್ವರನ್ನು ತೊಳೆದು ಒರೆಸಿ ಇಟ್ಟರೂ ಪ್ರಯೋಜನವಿಲ್ಲ. ಮೈಎಸ್‌ಕ್ಯೂಎಲ್‌ನಲ್ಲಿ ದಿನದ ಸಂಖ್ಯೆ ಗಟ್ಟಿಯಾಗಿದೆ, ಆದರೆ ವಾರದ ಸಂಖ್ಯೆ ಕೊಡುವ ಫಂಕ್ಷನ್ನಿಗೆ ಯಾವ ಕ್ರಮ ಎಂದು ಹೇಳದಿದ್ದರೆ ಅದು ಸರ್ವರಿನ ಒಂದು ವೇರಿಯಬಲ್ ನೋಡಿಕೊಂಡು ಉತ್ತರಿಸುತ್ತದೆ. ವರ್ಷವನ್ನೂ ವಾರವನ್ನೂ ಕೂಡಿಸಿ ಕೊಡುವ ಅದರ ಜೊತೆಗಾರ ಫಂಕ್ಷನ್ ಆ ವೇರಿಯಬಲ್ಲನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ.

ಪೋಸ್ಟ್‌ಗ್ರೆಸ್ ಬಳಸುವವರು ಇಲ್ಲಿ ಹೆಮ್ಮೆಪಡುತ್ತಾರೆ, ಅದಕ್ಕೆ ಕಾರಣವೂ ಇದೆ. ಭಾನುವಾರ 0 ಆಗುವ ಒಂದು ಕ್ರಮ, ಸೋಮವಾರ 1 ಆಗುವ ಇನ್ನೊಂದು ಕ್ರಮ, ಎರಡಕ್ಕೂ ಬೇರೆ ಬೇರೆ ಹೆಸರು, ಯಾವುದು ಬೇಕೆಂದು ಕ್ವೆರಿಯಲ್ಲೇ ಹೇಳಬೇಕು. ನಾನು ವಾದಿಸುತ್ತಿರುವುದೂ ಇದನ್ನೇ. ಆದರೆ ಅಲ್ಲೂ ಟೈಮ್‌ಝೋನ್ ಎಂಬ ಸೆಟ್ಟಿಂಗ್ ಉಳಿದಿದೆ. ಕ್ಲೌಡಿನಲ್ಲಿ ಬಾಡಿಗೆಗೆ ಪಡೆದ ಸರ್ವರುಗಳು ಬಹುಮಟ್ಟಿಗೆ ಯುಟಿಸಿ ಸಮಯದಲ್ಲಿ ಓಡುತ್ತವೆ, ನಾವು ಅದಕ್ಕಿಂತ ಐದೂವರೆ ಗಂಟೆ ಮುಂದಿದ್ದೇವೆ. ನಮ್ಮ ನಡುರಾತ್ರಿಯಿಂದ ಬೆಳಗಿನ 5.30ರವರೆಗೆ ಸರ್ವರಿಗೆ ಇನ್ನೂ ಹಿಂದಿನ ದಿನ. ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯಲ್ಲಿ ಹೂವಿನ ಸಗಟು ವ್ಯಾಪಾರ ಬಿರುಸಾಗುವುದೇ ಬೆಳಗಿನ ಜಾವ. ಸೋಮವಾರ ನಾಲ್ಕು ಗಂಟೆಗೆ ಬರೆದ ಬಿಲ್ಲನ್ನು ಅಂಥ ಸರ್ವರಿನಲ್ಲಿ ವಾರದ ದಿನದ ಪ್ರಕಾರ ವಿಂಗಡಿಸಿದರೆ ಅದು ಭಾನುವಾರದ ವ್ಯಾಪಾರ. ಹಾಲು, ತರಕಾರಿ, ಪತ್ರಿಕೆ, ನಮ್ಮ ಊರುಗಳ ಎಷ್ಟೋ ವ್ಯವಹಾರಗಳು ನಡೆಯುವುದು ಆ ಐದೂವರೆ ಗಂಟೆಯಲ್ಲೇ. ಎಲ್ಲಿಯ ಸಮಯ ಎಂಬುದನ್ನೂ ಕ್ವೆರಿಯೇ ಬಾಯಿಬಿಟ್ಟು ಹೇಳಬೇಕು.

ಈ ಗೊಂದಲವನ್ನೆಲ್ಲ ನೋಡಿ ಬೇಸತ್ತವರು ಅಂತರರಾಷ್ಟ್ರೀಯ ಮಾನದಂಡವನ್ನು ಹಿಡಿಯುತ್ತಾರೆ. ಐಎಸ್‌ಒ 8601ರ ಪ್ರಕಾರ ವಾರ ಸೋಮವಾರದಿಂದ, ಜನವರಿ 4 ಇರುವ ವಾರ ವರ್ಷದ ಮೊದಲ ವಾರ. ಎಸ್‌ಕ್ಯೂಎಲ್ ಸರ್ವರಿನಲ್ಲಿ 2008ರ ಆವೃತ್ತಿಯಿಂದ ಈ ಸಂಖ್ಯೆ ಸಿಗುತ್ತದೆ, ಯಾವ ಸೆಟ್ಟಿಂಗೂ ಅದನ್ನು ಅಲ್ಲಾಡಿಸದು. ಒಳ್ಳೆಯದೇ. ಆದರೆ ಐಎಸ್‌ಒ ವಾರಕ್ಕೆ ಐಎಸ್‌ಒ ವರ್ಷವೇ ಬೇಕು. 2024ರ ಡಿಸೆಂಬರ್ 30 ಸೋಮವಾರ, ಅದು 2025ರ ಮೊದಲ ವಾರ. ಸಾಮಾನ್ಯ ವರ್ಷದ ಜೊತೆ ವಾರದ ಸಂಖ್ಯೆ ಜೋಡಿಸಿ ಗುಂಪು ಮಾಡಿದರೆ 2024, ವಾರ 1 ಎಂದಾಗಿ ಆ ಎರಡು ದಿನಗಳ ಮಾರಾಟ ಹನ್ನೆರಡು ತಿಂಗಳು ಹಿಂದಿನ ಜನವರಿಯ ಮೊದಲ ವಾರದೊಳಗೆ ಹೋಗಿ ಕೂರುತ್ತದೆ.

ಅದಕ್ಕಿಂತ ಮುಖ್ಯವಾಗಿ, ಮಾನದಂಡ ಹೇಳುವ ವಾರವೂ ಕಾನೂನು ಹೇಳುವ ವಾರವೂ ಒಂದೇ ಆಗಿರಬೇಕೆಂದಿಲ್ಲ. ದಶಕಗಳ ಕಾಲ ನಮ್ಮ ಕಾರ್ಖಾನೆಗಳ ವೇತನಪಟ್ಟಿಗೆ ಆಧಾರವಾಗಿದ್ದ 1948ರ ಕಾರ್ಖಾನೆ ಕಾಯ್ದೆ ವಾರವನ್ನು ಸ್ಪಷ್ಟವಾಗಿ ವ್ಯಾಖ್ಯಾನಿಸಿತ್ತು: ಶನಿವಾರದ ನಡುರಾತ್ರಿಯಿಂದ ಶುರುವಾಗುವ ಏಳು ದಿನ, ಅಥವಾ ಆ ಪ್ರದೇಶಕ್ಕೆ ಮುಖ್ಯ ನಿರೀಕ್ಷಕರು ಲಿಖಿತವಾಗಿ ಒಪ್ಪಿದ ಬೇರೊಂದು ರಾತ್ರಿಯಿಂದ. ವಾರಕ್ಕೆ 48 ಗಂಟೆ ಮೀರಿದ ಕೆಲಸಕ್ಕೆ ಎರಡು ಪಟ್ಟು ಕೂಲಿಯಿತ್ತು. ಹಾಗಾಗಿ ಭಾನುವಾರ ದುಡಿದ ಗಂಟೆಗಳು ಹಿಂದಿನ ವಾರಕ್ಕೆ ಸೇರಿದವೋ ಮುಂದಿನ ವಾರಕ್ಕೆ ಸೇರಿದವೋ ಎಂಬುದು ಕಾರ್ಮಿಕನ ಕೈಗೆ ಬರುವ ಹಣವನ್ನೇ ಬದಲಿಸಬಹುದಿತ್ತು. ಕಾಯ್ದೆ ಅಲ್ಲಿಗೇ ನಿಂತಿರಲಿಲ್ಲ. ಭಾನುವಾರ ಕೆಲಸ ಮಾಡಿದವನಿಗೆ ಅದರ ಹಿಂದಿನ ಮೂರು ದಿನಗಳಲ್ಲೊಂದು ದಿನ ಬದಲಿ ರಜೆ ಸಿಕ್ಕಿದ್ದರೆ, ಆ ಭಾನುವಾರವನ್ನು ಗಂಟೆಗಳ ಲೆಕ್ಕಕ್ಕೆ ಹಿಂದಿನ ವಾರಕ್ಕೇ ಸೇರಿಸಬೇಕು ಎನ್ನುತ್ತಿತ್ತು 52ನೇ ಸೆಕ್ಷನ್ನಿನ ಮೂರನೇ ಉಪವಿಧಿ. ಒಂದೇ ಭಾನುವಾರ, ಒಂದೇ ಕಾರ್ಖಾನೆ, ಇಬ್ಬರು ಕಾರ್ಮಿಕರಿಗೆ ಎರಡು ಬೇರೆ ವಾರ. ಇದನ್ನು ಯಾವ ಡೇಟ್‌ಫಸ್ಟ್ ಹೇಳೀತು? ಯಾವ ಐಎಸ್‌ಒ ಹೇಳೀತು? ಇಂಥ ನಿಯಮಕ್ಕೆ ಜಾಗವಿರುವುದು ಕ್ವೆರಿಯಲ್ಲಿ, ಎಲ್ಲರೂ ಓದಬಹುದಾದ ಕಡೆ.

ಡೇಟ್‌ಫಸ್ಟ್ ತರಹದ ಸೆಟ್ಟಿಂಗುಗಳೇ ಇರಬಾರದು ಎಂದು ನಾನು ಹೇಳುತ್ತಿಲ್ಲ. ವಾರಾಂತ್ಯ ಯಾವುದೆಂಬುದು ದೇಶದಿಂದ ದೇಶಕ್ಕೆ ಬೇರೆ, ಅದೂ ಸ್ಥಿರವಲ್ಲ. ಸೌದಿ ಅರೇಬಿಯಾ 2013ರಲ್ಲಿ ಗುರುವಾರ, ಶುಕ್ರವಾರದ ರಜೆಯನ್ನು ಶುಕ್ರವಾರ, ಶನಿವಾರಕ್ಕೆ ಬದಲಿಸಿತು. ಯುಎಇ 2022ರ ಜನವರಿ 1ರಿಂದ ಸರ್ಕಾರಿ ಕಚೇರಿಗಳನ್ನು ಶನಿವಾರ, ಭಾನುವಾರದ ರಜೆಗೆ ತಂದು ಶುಕ್ರವಾರ ಅರ್ಧ ದಿನ ಇಟ್ಟಿತು. ದುಬೈಯಲ್ಲಿ ಕೂತ ಮಂಗಳೂರಿನವರಿಗೂ ಡೆಟ್ರಾಯಿಟ್‌ನಲ್ಲಿ ಕೂತ ಹುಬ್ಬಳ್ಳಿಯವರಿಗೂ ತೆರೆಯ ಮೇಲಿನ ಕ್ಯಾಲೆಂಡರ್ ಅವರವರ ರೂಢಿಯಂತೆ ಕಾಣುವುದೇ ಚೆಂದ. ತೋರಿಸುವ ಕೆಲಸಕ್ಕೆ ಸೆಟ್ಟಿಂಗ್ ಇರಲಿ, ಅದು ಓದುವವರ ಸೆಟ್ಟಿಂಗ್ ಆಗಿರಲಿ. ರಜೆ, ಕೂಲಿ, ಕಂತು, ದಂಡ ನಿರ್ಧರಿಸುವ ಲೆಕ್ಕದ ಹತ್ತಿರ ಅದು ಸುಳಿಯಬಾರದು.

ಸರಿಯಾಗಿ ಬರೆಯುವುದು ಕಷ್ಟವೇನಲ್ಲ. 1900ರ ಜನವರಿ 1 ಸೋಮವಾರ. ಅಲ್ಲಿಂದ ನಿಮ್ಮ ತಾರೀಖಿಗೆ ಎಷ್ಟು ದಿನ ಎಂದು ಎಣಿಸಿ ಏಳರಿಂದ ಭಾಗಿಸಿದರೆ ಶೇಷ 0 ಬಂದರೆ ಸೋಮವಾರ, 5 ಶನಿವಾರ, 6 ಭಾನುವಾರ. ಯಾವ ಲಾಗಿನ್‌ನಲ್ಲಿ ಓಡಿಸಿದರೂ ಇದೇ ಉತ್ತರ. (ಅದಕ್ಕೂ ಹಿಂದಿನ ತಾರೀಖುಗಳಿದ್ದರೆ ಶೇಷ ಋಣಸಂಖ್ಯೆಯಾಗಿ ಬರಬಹುದು, ಆಗ ಏಳು ಕೂಡಿಸಿಕೊಳ್ಳಬೇಕು.) ಇದಕ್ಕಿಂತಲೂ ಒಳ್ಳೆಯದು ಒಂದು ಕ್ಯಾಲೆಂಡರ್ ಟೇಬಲ್, ದಿನಕ್ಕೊಂದು ಸಾಲು. ನೂರು ವರ್ಷಕ್ಕೆ ಆಗುವುದು ಮೂವತ್ತಾರೂವರೆ ಸಾವಿರ ಸಾಲು, ಇಂದಿನ ಡೇಟಾಬೇಸಿಗೆ ಅದು ಲೆಕ್ಕಕ್ಕೇ ಇಲ್ಲ. ದಿನದ ಹೆಸರು, ಕಾನೂನಿನ ವಾರ, ಐಎಸ್‌ಒ ವರ್ಷ ಮತ್ತು ವಾರ, ಬ್ಯಾಂಕ್ ರಜೆ ಎಲ್ಲವನ್ನೂ ಅಲ್ಲಿ ಕಣ್ಣಾರೆ ನೋಡಬಹುದು, ತಪ್ಪಿದ್ದರೆ ತಿದ್ದಬಹುದು. ಯುಗಾದಿ, ರಂಜಾನ್‌ನಂಥ ಚಾಂದ್ರಮಾನದ ರಜೆಗಳಿಗೆ ಹೇಗೂ ಇಂಥ ಟೇಬಲ್ ಬೇಕೇ ಬೇಕು.

ನಿಮ್ಮ ಆಫೀಸಿನ ಕೋಡಿನಲ್ಲಿ ವಾರದ ದಿನವನ್ನು ಸಂಖ್ಯೆಯಿಂದ ಹಿಡಿಯುವ ಕ್ವೆರಿಗಳನ್ನು ಈ ವಾರವೇ ಹುಡುಕಿ ತೆಗೆಯಿರಿ. ಒಂದೊಂದನ್ನೂ ಡೇಟ್‌ಫಸ್ಟ್ 7 ಇಟ್ಟು ಒಮ್ಮೆ, 1 ಇಟ್ಟು ಒಮ್ಮೆ ಓಡಿಸಿ. ಭಾನುವಾರದಿಂದ ಶುರುವಾಗುವ ತಿಂಗಳೊಂದನ್ನು ಪರೀಕ್ಷೆಗೆ ಸೇರಿಸಿಕೊಳ್ಳಿ, ಒಟ್ಟು ಮೊತ್ತವನ್ನು ಬಿಟ್ಟು ದಿನದಿನದ ಸಾಲುಗಳನ್ನು ಹೋಲಿಸಿ. ಎರಡು ಸಲ ಎರಡು ಉತ್ತರ ಬಂದರೆ ಡಿಬಿಎಗೆ ಫೋನ್ ಮಾಡಬೇಡಿ, ಕ್ವೆರಿಯನ್ನು ತಿದ್ದಿ ಬರೆಯಿರಿ.